ಯಜಮಾನನನ್ನೇ ತಡೆದ ಮೋಟಾರು

ಮೊನ್ನೆ ಭಾನುವಾರ ನಮ್ಮಣ್ಣನ ಬೋರ್‌ವೆಲ್ ಮೋಟಾರು ನಮ್ಮಣ್ಣನನ್ನೇ ‘ನೀವು ಯಾರು?’ ಎಂದು ಕೇಳಿತು. ಅದೂ ಎಲ್ಲಿ? ಜಡಿಗೇನಹಳ್ಳಿಯಲ್ಲಿ, ಬೀಗರ ಮನೆಯ ನಾಮಕರಣದ ಊಟಕ್ಕೆ ಕೂತಾಗ, ನೆಂಟರೆಲ್ಲರ ಎದುರಿಗೆ. ಪಕ್ಕದ ಎಲೆಯಲ್ಲಿದ್ದ ನನಗೆ ನಗು ಬಂದದ್ದು ನಿಜ. (ಅದನ್ನು ಅಣ್ಣ ನೋಡಿದ್ದೂ ನಿಜ.)

ಮೋಟಾರು ಇರುವುದು ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರ, ಅಣ್ಣನ ರೇಷ್ಮೆ ಸೊಪ್ಪಿನ ತೋಟದಲ್ಲಿ. ಅದನ್ನು ಎಲ್ಲಿಂದ ಬೇಕಾದರೂ ಫೋನಿನಲ್ಲೇ ಆನ್ ಮಾಡಬಹುದು. ಮೊದಲು ಅದಕ್ಕೊಂದು ಡಬ್ಬಿ ಇತ್ತು, ಒಳಗೊಂದು ಸಿಮ್ಮು. ಆ ನಂಬರಿಗೆ ಫೋನ್ ಮಾಡಿದರೆ ಮೋಟಾರು ಶುರು. ಯಾರು ಮಾಡಿದರೂ ಶುರು! ‘ಸಾರ್, ಲೋನ್ ಬೇಕಾ?’ ಎಂದು ಕೇಳುವವರು ಯಾರೋ ಒಂದು ಮಧ್ಯಾಹ್ನ ಫೋನ್ ಮಾಡಿ ಇಡೀ ತೋಟವನ್ನು ಕೆಸರು ಮಾಡಿಟ್ಟಿದ್ದರು.

ಆ ಡಬ್ಬಿಯನ್ನು ಕಿತ್ತುಹಾಕಿಸಿದವಳು ಅಣ್ಣನ ಮಗಳು ಚೈತ್ರಾ. ದೇವನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ರಜೆಯಲ್ಲಿ ಕೂತು ತಾನೇ ಆಪ್ ಬರೆದಳು, ಅದಕ್ಕೊಂದು ಸರ್ವರ್ ಸಿದ್ಧಮಾಡಿದಳು. ಫೋನು ಕೇಳಬೇಕು, ಸರ್ವರ್ ವಿಚಾರಿಸಬೇಕು, ಅದು ಒಪ್ಪಿದರೆ ಮಾತ್ರ ಮೋಟಾರಿಗೆ ಅಪ್ಪಣೆ. ದಾರಿಯಲ್ಲಿ ಯಾರು ಕದ್ದು ಕೇಳಿದರೂ ತಿಳಿಯದ ಹಾಗೆ ಎಲ್ಲ ಮಾತೂ ಗುಟ್ಟಿನ ಲಿಪಿಯಲ್ಲಿ ನಡೆಯುತ್ತದೆ. ಪಿನ್ ಒತ್ತಿದರೆ ಸಾಲದು. ಚೈತ್ರಾ ಒಪ್ಪಿಗೆ ಕೊಟ್ಟ ಪ್ರತಿ ಫೋನಿನೊಳಗೂ ಅದರದ್ದೇ ಒಂದು ಗುಪ್ತ ಕೀಲಿ ಇರುತ್ತದೆ. ಆ ಕೀಲಿ ಫೋನು ಬಿಟ್ಟು ಆಚೆ ಬರುವುದಿಲ್ಲ, ಫೋನು ಕಳಿಸುವ ಕೋರಿಕೆಯ ಮೇಲೆ ಅದರ ಸಹಿ ಮಾತ್ರ ಬೀಳುತ್ತದೆ. ಸಹಿ ನೋಡಿ ಸರ್ವರ್ ಗುರುತು ಹಿಡಿಯುತ್ತದೆ.

ಪಿನ್ ಯಾಕೆ ಸಾಲದು ಎಂದಿರಾ? ಹಾಗಾದರೆ ನೀವು ನಮ್ಮ ಕಡೆಯವರಲ್ಲ. ತೋಟದ ಮನೆಯ ಬೀಗದ ಕೈಯನ್ನು ಪಕ್ಕದ ತೋಟದವರಿಗೆ ಕೊಟ್ಟು ಊರಿಗೆ ಹೋಗುವ ಜನ ನಾವು. ಅಣ್ಣ ಪಿನ್ನನ್ನೂ ಹಾಗೇ ಹಂಚಿದ್ದ. ಕೇಳಿದವರಿಗೆ ಕೊಡದಿದ್ದರೆ ಏನಂದುಕೊಳ್ಳುತ್ತಾರೆ? ಡೇರಿ ಮುಂದೆ ಹಾಲು ಹಾಕಲು ನಿಲ್ಲುವವರಿಗೆಲ್ಲ ಅದು ಬಾಯಿಪಾಠವಾಗಿತ್ತು.

ಭಾನುವಾರ ಅಣ್ಣ ತನ್ನ ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಮರೆತು ಬಂದಿದ್ದ. ಪಾಯಸ ಬಡಿಸುವ ಹೊತ್ತಿಗೆ ಪಕ್ಕದ ತೋಟದ ನಾರಾಯಣಪ್ಪ ನನಗೆ ಫೋನ್ ಮಾಡಿ, ತ್ರೀ ಫೇಸ್ ಕರೆಂಟ್ ಬಂದಿದೆ, ನಿಮ್ಮಣ್ಣನಿಗೆ ಹೇಳು ಎಂದ. ಮೋಟಾರು ಓಡುವುದು ಆ ಕರೆಂಟಿನಲ್ಲೇ, ಅದು ಬಂದಾಗ ನೀರು ಬಿಡದಿದ್ದರೆ ಮತ್ತೆ ಯಾವಾಗಲೋ! ಅಣ್ಣ ನನ್ನ ಫೋನ್ ಕಸಿದುಕೊಂಡ, ಆಪ್ ಹಾಕಿಕೊಂಡ, ಪಿನ್ ಒತ್ತಿದ. ‘ಈ ಫೋನಿನ ಪರಿಚಯವಿಲ್ಲ. ನೀವು ಯಾರು?’ ಎಂದು ಬಂತು. ಮತ್ತೆ ಒತ್ತಿದ. ಮತ್ತೆ ಅದೇ. ನಿನ್ನ ಮೋಟಾರಿಗೇ ನಿನ್ನ ಗುರುತಿಲ್ಲವಲ್ಲಪ್ಪ ಎಂದು ಬೀಗರು ಚೇಷ್ಟೆ ಮಾಡಿದರು.

ಅಣ್ಣನ ಮುಖ ಕೆಂಪಾಯಿತು. ಅಲ್ಲೇ ಮಗಳಿಗೆ ಫೋನ್ ಹಚ್ಚಿದ.

“ನನ್ ತೋಟ, ನನ್ ಮೋಟ್ರು. ನಾನ್ಯಾರು ಅಂತ ನಾನೇ ಪ್ರೂಫ್ ಕೊಡ್ಬೇಕೇನಮ್ಮಾ? ನಾಳೆನೇ ಇದನ್ನ ಕಿತ್ತಾಕಿ ಹಳೇ ಡಬ್ಬೀನೇ ಹಾಕಿಸ್ತೀನಿ.”

ಚೈತ್ರಾ ವಾದಕ್ಕೆ ನಿಲ್ಲಲಿಲ್ಲ. ತೋಟದಲ್ಲಿ ಯಾರಿದ್ದಾರೆಂದು ಕೇಳಿಕೊಂಡು ತಾನೇ ಆನ್ ಮಾಡುತ್ತೇನೆ ಎಂದು ಫೋನ್ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು. ದನಿ ಬದಲಾಗಿತ್ತು.

“ಅಪ್ಪಾ, ಅಮ್ಮ ಬೋರ್ ಹತ್ರ ಇದಾಳೆ. ಕೇಬಲ್ ಹೋಗಿತ್ತಂತೆ, ಮೋಟ್ರು ಮೇಸ್ತ್ರಿ ಜಾಯಿಂಟ್ ಹಾಕ್ತಾ ಇದ್ದ, ಅಮ್ಮ ವೈರ್ ಹಿಡ್ಕೊಂಡಿದ್ಳು. ಫ್ಯೂಸ್ ಕಿತ್ತಿರ್ಲಿಲ್ಲ. ಈಗ ಕೀಳಿಸ್ದೆ.”

ಅತ್ತಿಗೆ ಅಣ್ಣನಿಗೆ ತಿಳಿಸಲೆಂದು ಫೋನ್ ಮಾಡಿದ್ದಳಂತೆ. ಅದು ಮನೆಯಲ್ಲಿ ಹೊಡೆದುಕೊಂಡು ಸುಮ್ಮನಾಗಿತ್ತು. ಹೇಗೂ ಕರೆಂಟ್ ಇಲ್ಲವಲ್ಲ ಎಂದು ಇಬ್ಬರೂ ಧೈರ್ಯವಾಗಿ ಕೂತಿದ್ದರು. ಕರೆಂಟ್ ಬಂದದ್ದು ಅವರಿಗೆ ಗೊತ್ತೇ ಇಲ್ಲ. ಅಣ್ಣನ ಪಿನ್‌ಗೆ ಸರ್ವರ್ ಹೂಂ ಎಂದಿದ್ದರೆ? ಅಣ್ಣ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತುಬಿಟ್ಟ.

ಸರ್ವರಿಗೆ ಅತ್ತಿಗೆ ಕಾಣುತ್ತಾಳೆಯೇ? ಇಲ್ಲ. ಗುರುತಿಲ್ಲದ ಫೋನಿಗೆ ಬಾಗಿಲು ತೆಗೆಯಬೇಡ ಎಂದು ಚೈತ್ರಾ ಹೇಳಿಟ್ಟಿದ್ದಳು, ಅದು ತೆಗೆಯಲಿಲ್ಲ. ಆನ್ ಮಾಡುವ ಹಕ್ಕಿದ್ದ ಚೈತ್ರಾ ಕೂಡ ಮೊದಲು ವಿಚಾರಿಸಿದಳು. ನನಗಂತೂ ನಮ್ಮ ಹುಡುಗಿಯ ಬಗ್ಗೆ ಹೇಳತೀರದಷ್ಟು ಹೆಮ್ಮೆಯಾಯಿತು. ಅಪ್ಪ ರೇಗುತ್ತಾನೆಂದು ಅವಳು ಅವನಿಗೊಂದು ಕಳ್ಳದಾರಿ ಬಿಟ್ಟಿದ್ದರೆ ಏನು ಗತಿ?

ನಾವೋ, ಯಾರಾದರೂ ವಿಚಾರಿಸಿದರೆ ಸಾಕು, ಅವಮಾನ ಎಂದುಕೊಳ್ಳುತ್ತೇವೆ. ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ‘ನಾನ್ಯಾರು ಗೊತ್ತಾ?’ ಎನ್ನುತ್ತೇವೆ. ಫೋನಿನಲ್ಲಿ ಯಾರೋ ನಯವಾಗಿ ಕೇಳಿದರೆ ಓಟಿಪಿಯನ್ನೇ ಓದಿ ಹೇಳುತ್ತೇವೆ. (ನಾನೂ ನೀವೂ ಸೇರಿ.)

ಅಣ್ಣ ಎದ್ದು ಕೈ ತೊಳೆದ. ಹೊಸಕೋಟೆ ಬಸ್ಸು ಹತ್ತಿದಾಗ ದನಿ ವಾಪಸ್ ಬಂತು. ಪಕ್ಕದ ಸೀಟಿನವರು ಯಾರೋ, ಯಾವ ಊರಿನವರೋ. ಅವರನ್ನು ಹಿಡಿದುಕೊಂಡು ಎಲ್ಲ ಹೇಳಿದ. ಕೊನೆಗೆ, ಬಸ್ಸಿಗೆಲ್ಲ ಕೇಳುವ ಹಾಗೆ, “ನನ್ ಮಗಳು ಮಾಡಿರೋದು ಸ್ವಾಮಿ. ಸಾಕ್ಷಾತ್ ನಾನೇ ಕೇಳಿದ್ರೂ ಬಿಡ್ಲಿಲ್ಲ” ಎಂದ.

ತನ್ನ ಮಾತು ನಡೆಯಲಿಲ್ಲ ಎಂದು ಇಷ್ಟು ಎದೆಯುಬ್ಬಿಸಿ ಹೇಳಿಕೊಂಡ ಯಜಮಾನನನ್ನು ನೀವೆಲ್ಲಾದರೂ ಕಂಡಿದ್ದೀರಾ?