ಎರಡು ರಿಮೋಟಿನ ಪೆಟ್ಟಿಗೆ

ತಂಗಿಯ ದುಡ್ಡು ಸೇರಿಸಿ ತಂದ ವಿಡಿಯೋ ಗೇಮನ್ನು ನಾನು ಮನೆಯಲ್ಲಿ ಅವಳಿಗೆ ಒಂದು ಸಲವೂ ಆಡಲು ಕೊಡಲಿಲ್ಲ. ಓದುವವರಿಗೆ ಇದು ಸಣ್ಣ ವಿಷಯ ಅನಿಸಬಹುದು. ನನಗೂ ತುಂಬ ವರ್ಷ ಹಾಗೆಯೇ ಅನಿಸಿತ್ತು.

ಟಿವಿಗೆ ವಯರು ಸಿಕ್ಕಿಸಿ ಆಡುವ ಗೇಮುಗಳು ನಮ್ಮ ಕುಂಬ್ಡಾಜೆಯ ಕಡೆಗೆ ಆಗಷ್ಟೇ ಬರುತ್ತಿದ್ದ ಕಾಲ ಅದು. ನಾನು ಎಂಟನೇ ಕ್ಲಾಸು, ತಂಗಿ ಸುಮ ಆರನೆಯದು. ಮಾರ್ಚ್ ಬಂತೆಂದರೆ ಗುಡ್ಡೆಯಿಡೀ ಗೇರುಹಣ್ಣಿನ ಹುಳಿ ವಾಸನೆ. ಬಿದ್ದ ಬೀಜ ಹೆಕ್ಕಿ ಒಣಗಿಸಿ ಕೊಟ್ಟರೆ ಗುಡ್ಡೆಯ ಯಜಮಾನರು ತೂಕಕ್ಕೆ ತಕ್ಕ ದುಡ್ಡು ಕೊಡುತ್ತಿದ್ದರು. ಹಣ್ಣಿನ ರಸದ ಕಲೆ ಅಂಗಿಯಿಂದ ಹೋಗುವುದೇ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾ ಕೂತಲ್ಲಿಂದಲೇ ಬೈಯುತ್ತಿದ್ದರು. ಹೆಚ್ಚು ಹೆಕ್ಕುತ್ತಿದ್ದವಳು ಸುಮ. ನಾನು ಅರ್ಧ ಹೊತ್ತು ಹುಡುಗರ ಜೊತೆ ಬೀಜ ಸಾಲಾಗಿಟ್ಟು ಹೊಡೆಯುವ ಆಟದಲ್ಲೇ ಇರುತ್ತಿದ್ದೆ.

ವಿಷು ಹಬ್ಬಕ್ಕೆ ಹಿರಿಯರು ಕೈಗಿಟ್ಟ ದುಡ್ಡನ್ನೂ ಸೇರಿಸಿಕೊಂಡು ನಾವಿಬ್ಬರೂ ಜೀಪು ಹತ್ತಿ ಬದಿಯಡ್ಕಕ್ಕೆ ಹೋದೆವು. ಟಿವಿ ಅಂಗಡಿಯ ಜಯಣ್ಣ ಮೂರು ಪೆಟ್ಟಿಗೆ ಸಾಲಾಗಿ ಇಟ್ಟಿದ್ದರು. ಮೊದಲನೆಯದು ಅಗ್ಗ, ಕೈಯಲ್ಲಿ ಹಿಡಿದು ಆಡುವ ರಿಮೋಟು ಒಂದೇ. ನಡುವಿನದಕ್ಕೆ ಎರಡು ರಿಮೋಟು. ಮೂರನೆಯದು ಸಿಡಿ ಹಾಕುವಂಥದ್ದು. ಅದರ ಬೆಲೆ ಕೇಳಿ ಸುಮ ನನ್ನ ಅಂಗಿ ಹಿಡಿದುಕೊಂಡಳು.

"ಅದು ಗಲ್ಫಿನವರ ಮಕ್ಕಳಿಗೆ," ಎಂದು ಜಯಣ್ಣ ನಕ್ಕರು. "ನಿಮಗೆ ನಡುವಿನದ್ದು ಸಾಕು. ಅದರ ಎದುರು ಇದೊಂದು ದುಡ್ಡಾ ಮಾರಾಯ?"

ಮೊದಲನೆಯ ಪೆಟ್ಟಿಗೆಗೆ ನನ್ನ ಪಾಲೇ ಸಾಕಾಗುತ್ತಿತ್ತು. ಆದರೆ ದೊಡ್ಡದರ ಬೆಲೆ ಕಿವಿಗೆ ಬಿದ್ದ ಮೇಲೆ ನಡುವಿನದು ಅಗ್ಗವೆನಿಸಿತು, ಚಿಕ್ಕದನ್ನು ಮುಟ್ಟಲೂ ನಾಚಿಕೆಯಾಯಿತು.

"ಅಣ್ಣ, ಚಿಕ್ಕದು ಸಾಕಲ್ಲ? ನನಗೆ ಬ್ಯಾಗು ತೆಗೀಲಿಕ್ಕುಂಟು."

"ಹಳೇ ಬ್ಯಾಗಿಗೆ ಎಂತ ಆಗಿದೆ? ಒಂದೇ ರಿಮೋಟಾದ್ರೆ ನೀನೆಂತ ಮಾಡ್ತಿ, ನೋಡ್ತಾ ಕೂರ್ತಿಯಾ? ಎರಡನೇದು ನಿನಗೇ."

ಸುಮ ಸ್ವಲ್ಪ ಹೊತ್ತು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದಳು. ಆಮೇಲೆ ಕರವಸ್ತ್ರದ ಗಂಟು ಬಿಚ್ಚಿ ಅಷ್ಟನ್ನೂ ನನ್ನ ಕೈಗೆ ಕೊಟ್ಟಳು.

ಸರಿಯಿದೆಯೋ ನೋಡಲೆಂದು ಜಯಣ್ಣ ಅಂಗಡಿಯ ಟಿವಿಗೇ ಸಿಕ್ಕಿಸಿ ಕಾರಿನ ರೇಸು ಹಾಕಿದರು. ಇಬ್ಬರಿಗೂ ಒಂದೊಂದು ರಿಮೋಟು. ಜನ್ಮದಲ್ಲಿ ಮೊದಲ ಸಲ ಹಿಡಿದವಳು ನನ್ನನ್ನು ಸೋಲಿಸಿದಳು. ಇನ್ನೊಮ್ಮೆ ಎಂದೆ. ಇನ್ನೊಮ್ಮೆಯೂ ಸೋಲಿಸಿದಳು.

"ತಂಗಿ ಗುರಿ ಮುಟ್ಟಿ ಆಯ್ತು, ಅಣ್ಣನ ಕಾರು ಇನ್ನೂ ಚರಂಡಿಯಲ್ಲಿ!" ಎಂದರು ಜಯಣ್ಣ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸುಮಳೂ ನಕ್ಕಳು. ಜೀಪಿನಲ್ಲಿ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಅವಳೇ ತಬ್ಬಿಕೊಂಡಿದ್ದಳು. "ಮನೆಗೆ ಹೋಗಿ ಪುನಃ ಆಡುವ, ಆಯ್ತಾ ಅಣ್ಣ?"

ಮನೆಗೆ ಬಂದು, ಜೀಪಿನ ಕುಲುಕಾಟಕ್ಕೆ ಎರಡನೇ ರಿಮೋಟು ಹಾಳಾಗಿದೆ ಎಂದೆ.

"ಜಯಣ್ಣನಲ್ಲಿ ಬದಲು ಮಾಡಿಸುವ."

"ಇನ್ನು ಹೋದಾಗ ನೋಡುವ. ನೀನು ಇದನ್ನು ಮುಟ್ಬೇಡ, ಇದೂ ಹೋದೀತು."

ಎರಡನೇ ರಿಮೋಟನ್ನು ಅಟ್ಟದಲ್ಲಿ ಚಾಪೆಗಳ ಹಿಂದೆ ಇಟ್ಟೆ. ಅವಳು ನಾನು ಆಡುವುದನ್ನು ನೋಡುತ್ತಾ ಕೂತಳು. ತಿರುವು ಬಂದಾಗ ಅವಳ ಹೆಬ್ಬೆರಳು ತನ್ನಷ್ಟಕ್ಕೇ ಅಲ್ಲಾಡುತ್ತಿತ್ತು. ಅದನ್ನು ಕಂಡೂ ಆಡಿದೆ.

ರಜೆಯ ಒಂದು ಮಧ್ಯಾಹ್ನ ಅಮ್ಮ ಬೀಡಿ ಕೊಡಲು ಹೋಗಿದ್ದರು, ಸುಮ ಗುಡ್ಡೆಯಲ್ಲಿದ್ದಳು. ನೆರೆಮನೆಯ ಪ್ರವೀಣ ಆಡಲು ಬಂದ. ಆ ರಿಮೋಟನ್ನು ಅಟ್ಟದಿಂದ ಇಳಿಸಿ ಅವನ ಕೈಗೆ ಕೊಟ್ಟೆ. ಆಟದ ನಡುವೆ ಸುಮ ಬೀಜದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸರಿಯಾಯ್ತಾ ಅಣ್ಣ?"

ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಪ್ರವೀಣನೇ ಕೇಳಿದ, "ಇದು ಯಾವಾಗ ಹಾಳಾಗಿತ್ತು ಮಾರಾಯ?"

ಅವಳು ಅಂಗಳಕ್ಕೆ ಹೋಗಿ ಬೀಜ ಸುರಿದು ಒಣಗಲು ಹರಡತೊಡಗಿದಳು. ಅಳಲಿಲ್ಲ, ಅಮ್ಮನಿಗೆ ದೂರು ಹೇಳಲಿಲ್ಲ. ಹೇಳಿದ್ದರೆ ನಾಲ್ಕು ಪೆಟ್ಟಿನಲ್ಲಿ ಮುಗಿಯುತ್ತಿತ್ತು. ಜೂನಿನಲ್ಲಿ ಅಮ್ಮ ಹೊಲಿದು ಕೊಟ್ಟ ಹಳೆಯ ಬ್ಯಾಗನ್ನೇ ಹಾಕಿಕೊಂಡು ಶಾಲೆಗೆ ಹೋದಳು. ಆ ಮಳೆಗಾಲದ ಸಿಡಿಲಿಗೆ ಗೇಮು ಸುಟ್ಟು ಹೋಯಿತು. ಅದುವರೆಗೂ ಅವಳು ಆಡಲು ಇನ್ನೊಮ್ಮೆ ಕೇಳಲೇ ಇಲ್ಲ.

ಹತ್ತನೇ ಕ್ಲಾಸಿಗೆ ನನ್ನ ಓದು ಮುಗಿಯಿತು. ಈಗ ಕಾಸರಗೋಡಿನ ಒಂದು ಅಂಗಡಿಯಲ್ಲಿ ಇದೇ ಸಾಮಾನು ಮಾರುತ್ತೇನೆ. ಈಗಲೂ ಮೂರು ಪೆಟ್ಟಿಗೆ. ದುಬಾರಿಯದನ್ನು ಕಣ್ಣಿಗೆ ಬೀಳುವಲ್ಲಿ ನಾನೇ ಇಡುತ್ತೇನೆ. ಅದನ್ನು ಕೊಳ್ಳುವವರು ಅಪರೂಪ. ಅದರ ಬೆಲೆ ನೋಡಿ ಬೆಚ್ಚಿದ ಅಪ್ಪಂದಿರು ನಡುವಿನದರ ಬೆಲೆಗೆ ಉಸಿರು ಬಿಡುತ್ತಾರೆ. ಚಿಕ್ಕದು ಸಾಕೆಂದುಕೊಂಡು ಬಂದವರೂ ಮಕ್ಕಳ ಮುಖ ನೋಡಿ ಅದನ್ನು ಬಿಡುತ್ತಾರೆ. "ಇಬ್ಬರು ಮಕ್ಕಳುಂಟಲ್ಲ, ಎರಡು ರಿಮೋಟಿನದ್ದೇ ತಕ್ಕೊಳ್ಳಿ," ಎನ್ನುವಾಗ ಸುಮಳ ಕರವಸ್ತ್ರದ ಗಂಟು ನೆನಪಾಗುತ್ತದೆ. ಜಯಣ್ಣ ಮಾಡಿದ್ದು ವ್ಯಾಪಾರ. ಪೆಟ್ಟಿಗೆ ಮನೆಗೆ ಬಂದ ಮೇಲಿನದ್ದು ನನ್ನ ಕೆಲಸ.

ಸುಮ ಈಗ ಗಂಡನ ಊರಾದ ಕುಂಜತ್ತೂರಿನಲ್ಲಿದ್ದಾಳೆ. ಕಳೆದ ಮಳೆಗಾಲ ಅವಳ ಮಗಳಿಗೆ ಜ್ವರ ಜೋರಾಗಿ, ನೆರೆಯವರ ಆಟೋದಲ್ಲಿ ಮಂಗಳೂರಿನ ಆಸ್ಪತ್ರೆಗೆ ಒಯ್ದಿದ್ದಳು. ಆ ದಿನ ನಾನು ಅಂಗಡಿಯ ವ್ಯಾನಿನಲ್ಲಿ ಅವಳ ಊರಿನ ಮೇಲಿಂದಲೇ ಮಂಗಳೂರಿಗೆ ಹೋಗಿದ್ದೆ. ಮಗು ಗುಣವಾಗಿ ಮನೆಗೆ ಬಂದ ಮೇಲೆ ಅಮ್ಮನಿಂದ ವಿಷಯ ತಿಳಿಯಿತು. ಮರುದಿನವೇ ಹೋದೆ.

"ನನಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ಸುಮ?"

"ನಿನ್ನಲ್ಲಿ ಕೇಳುವ ಅಭ್ಯಾಸ ಬಿಟ್ಟೇ ಹೋಗಿದೆ ಅಣ್ಣ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ಸಮಯ ಹೇಳುವವರ ಹಾಗೆ ಹೇಳಿದಳು. "ಚಾ ಕುಡೀತಿಯಾ?"

ಮಗಳ ಜೀವಕ್ಕೇ ಅಪಾಯ ಬಂದಾಗಲೂ ತಂಗಿಗೆ ನೆನಪಾಗದ ಅಣ್ಣ ನಾನು. ಚಾ ಬೇಡವೆಂದೆ. ಒಳಗೆ ಹೊರಟವಳನ್ನು ನಿಲ್ಲಿಸಿ, ಮಗಳ ಎದುರಿನಲ್ಲೇ ಹೇಳಿದೆ:

"ಆ ರಿಮೋಟು ಹಾಳಾಗಿರ್ಲಿಲ್ಲ ಸುಮ. ನೀನು ಗೆಲ್ತಿ ಅಂತ ಹೊಟ್ಟೆಕಿಚ್ಚಿನಲ್ಲಿ ಸುಳ್ಳು ಹೇಳಿದೆ. ನಿನ್ನ ದುಡ್ಡೂ ತೆಗೆದೆ, ನಿನ್ನ ಆಟವೂ ತೆಗೆದೆ. ನನ್ನಿಂದ ತಪ್ಪಾಯ್ತು."