ಕೊರಳಿನ ಹಲಗೆ

ಇವತ್ತು ರಾಜೀವನಗರದಲ್ಲಿ ಕೂಲಿ ಕೆಲಸದ ಮನೆಯ ಬಾಗಿಲಿಗೆ ವಾರ್ನಿಷ್ ಬಳಿಯುವಾಗ ಆ ವಾಸನೆಗೆ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯ ವಾರ್ನಿಷ್ ಬಳಿದ ಹಲಗೆ ನೆನಪಾಯಿತು. ಕನ್ನಡ ಮಾತಾಡಿದವರ ಕೊರಳಿಗೆ ಅದನ್ನು ನೇತುಹಾಕುತ್ತಿದ್ದರು. ಕನ್ನಡವಾಡಿದ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಅದು ಅವರ ಕೊರಳಿಗೆ ಹೋಗುತ್ತಿತ್ತು. ಸಂಜೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದೇಟು.

ಅವತ್ತು ಗಂಟೆ ಹೊಡೆಯುವ ಹೊತ್ತಾದರೂ ಹಲಗೆ ನನ್ನ ಕೊರಳಲ್ಲೇ ಇತ್ತು. ಪಕ್ಕದಲ್ಲಿದ್ದ ಗೆಳತಿ ಸವಿತಳ ತೊಡೆಯನ್ನು ಬಲವಾಗಿ ಚಿವುಟಿದೆ.

"ಅಯ್ಯೋ, ಬುಡೇ, ನೋಯ್ತದೆ!" ಎಂದು ಕಿರುಚಿದಳು.

"ಮಿಸ್, ಸವಿತಾ ಟಾಕಿಂಗ್ ಕನ್ನಡ!" ಎಂದೆ. ಏಟು ಅವಳಿಗೆ ಬಿತ್ತು.

ಮನೆಗೆ ಹೋಗುವಾಗ ಕೇಳಿದೆ: "ನಾನು ಚಿವುಟಿದೆ ಅಂತ ಯಾಕೆ ಹೇಳ್ಲಿಲ್ಲ?"

"ಅದನ್ನ ಇಂಗ್ಲಿಷಲ್ಲಿ ಎಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ."

ಏಟು ತಾಳದೆ ಶಾಲೆ ಬಿಟ್ಟೆ ಎಂದು ಇವತ್ತೂ ಮೇಸ್ತ್ರಿಗೆ ಹೇಳಿದೆ. ಸುಳ್ಳು. ಆ ಶಾಲೆಯಲ್ಲಿ ನನಗೆ ಒಂದೇ ಒಂದು ಏಟೂ ಬಿದ್ದಿಲ್ಲ.