ಸೊಳ್ಳೆಮನೆಯ ಮುದ್ದಮ್ಮ

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸೊಳ್ಳೆಬತ್ತಿ ಪರೀಕ್ಷಿಸುವ ಪ್ರಯೋಗಾಲಯವೊಂದರ ಹಿಂದಿನ ಕೋಣೆಯಲ್ಲಿ ಮುದ್ದಮ್ಮ ಬಳೆ ಕಳಚಿಟ್ಟು, ಎಡಗೈಯನ್ನು ಪರದೆ ಕಟ್ಟಿದ ಪೆಟ್ಟಿಗೆಯೊಳಕ್ಕೆ ತೂರಿಸುತ್ತಾರೆ. ಹಸಿದ ಸೊಳ್ಳೆಗಳು ಮೊಣಕೈವರೆಗೂ ಮುತ್ತಿಕೊಳ್ಳುತ್ತವೆ. ನೋಡುತ್ತಿರುವ ನನಗೇ ಮೈಯೆಲ್ಲ ತುರಿಕೆ. ಅವರು ಮಾತ್ರ ಅಲುಗಾಡುವುದಿಲ್ಲ.

"ಬಸುರೀರು ಸಾ ಇವು. ಕುಡ್ಕಳ್ಳಿ ಬುಡಿ" ಎನ್ನುತ್ತಾರೆ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಕೂದಲಿಗಿಂತ ತೆಳ್ಳಗಿನ ಸೂಜಿಗಳನ್ನು ಚರ್ಮದೊಳಗೆ ಇಳಿಸಿ ರಕ್ತನಾಳ ಹುಡುಕುತ್ತದೆ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಡುತ್ತದೆ. ನಮಗೆ ತುರಿಸುವುದು ಆ ಜೊಲ್ಲಿಗೆ. ವರ್ಷಗಟ್ಟಲೆ ಕಚ್ಚಿಸಿಕೊಂಡ ಮುದ್ದಮ್ಮನ ಕೈಗೆ ಅದೂ ಒಗ್ಗಿಹೋಗಿದೆ, ದದ್ದು ಏಳುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಈ ಸೊಳ್ಳೆಗಳಿಗೆ ರೋಗದ ಸೋಂಕಿಲ್ಲ. ಇವು ಕುಡಿದು ಮೊಟ್ಟೆಯಿಟ್ಟು ಹೊಸ ಸೊಳ್ಳೆಗಳು ಹುಟ್ಟಿದರೇ ಬತ್ತಿಯ ಪರೀಕ್ಷೆ ನಡೆಯುವುದು.

ಗಂಡ ತೀರಿಕೊಂಡ ಮೇಲೆ ಅಶೋಕಪುರಂನಿಂದ ದಿನವೂ ಮೊದಲ ಬಸ್ಸು ಹತ್ತಿ, ಈ ಕೆಲಸದಲ್ಲೇ ಮಗಳು ಮಾಲಾಳನ್ನು ಸಾಕಿದರು. ಮಾಲಾ ತಮಾಷೆಯ ಹುಡುಗಿ. "ನಿಮ್ಮವ್ವಂಗೆ ಏನ್ ಕೆಲ್ಸ ಅಂತ ಯಾರಾದ್ರೂ ಕೇಳುದ್ರೆ, ದಿನಾ ಕೈ ಕೊಡೋದೇ ಕೆಲ್ಸ ಅಂತ ನಗೋಳು" ಎಂದು ಮುದ್ದಮ್ಮ ನೆನೆಯುತ್ತಾರೆ.

ಹೋದ ವರ್ಷ ಹೆರಿಗೆಯಲ್ಲಿ ಮಾಲಾಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ತಾಯಿ ಮಗಳದು ಒಂದೇ ಗುಂಪಿನ ರಕ್ತ. ಮುದ್ದಮ್ಮ ಆಸ್ಪತ್ರೆಯಲ್ಲಿ ಇದೇ ಎಡಗೈ ಚಾಚಿದರು. ಪರೀಕ್ಷೆ ಮಾಡಿದ ನರ್ಸಮ್ಮ ಸೂಜಿ ಕೆಳಗಿಟ್ಟರು. "ನಿಮಗೇ ರಕ್ತ ಸಾಲ್ದು ಕಣಮ್ಮ, ನಿಮ್ದು ತಗೊಳಕ್ಕಾಗಲ್ಲ." ಬೇರೆ ಕಡೆಯಿಂದ ರಕ್ತ ತರುವಷ್ಟರಲ್ಲಿ ಮಾಲಾ ಉಳಿಯಲಿಲ್ಲ. ಕೂಸನ್ನು ಅಳಿಯ ತನ್ನ ಊರಿಗೆ ಕರೆದೊಯ್ದಿದ್ದಾರೆ.

ಮುದ್ದಮ್ಮನ ರಕ್ತ ಬತ್ತಿಸಿದ್ದು ಸೊಳ್ಳೆಗಳಲ್ಲ. ಇವೆಲ್ಲ ಸೇರಿ ಕುಡಿದರೂ ಒಂದು ಚಮಚ ತುಂಬದು. ಮಗಳ ತಟ್ಟೆಗೆ ಬಡಿಸಿ ತಾನು ಬರಿ ಟೀ ಕುಡಿದು ಬಸ್ಸು ಹತ್ತಿದ ಬೆಳಗುಗಳು ಬತ್ತಿಸಿದ್ದು. ಹೇಳಿದರೆ ಮುದ್ದಮ್ಮ ನಂಬುವುದಿಲ್ಲ.

ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. "ಸೊಪ್ಪು, ಬೆಲ್ಲ ತಿಂತಾ ಇವ್ನಿ ಸಾ. ರಕ್ತ ಆದ್ರೆ ಯಾರಾದ್ರೂ ಬಾಣಂತಿಗೆ ಕೊಡವ ಅಂತ. ಮೊನ್ನೆ ಹೋಗಿದ್ದೆ, ಮತ್ತೆ ಸಾಲ್ದು ಅಂದ್ಬುಟ್ರು."

ಸೊಳ್ಳೆಗಳ ಹೊಟ್ಟೆ ಕೆಂಪಗೆ ಉಬ್ಬಿದೆ. ಮುದ್ದಮ್ಮ ಮೆಲ್ಲಗೆ ಕೈ ಹೊರಗೆಳೆದು, ಒಂದೊಂದಾಗಿ ಬಳೆ ತೊಡುತ್ತಾರೆ.

"ಇವಕ್ಕೆ ದಿನಾ ಕೈ ಕೊಡ್ತೀನಿ ಸಾ. ಅವ್ಳಿಗೆ ಒಂದೇ ಸಲ ಕೈ ಕೊಟ್ಬುಟ್ಟೆ."